ಸುಮ್ಮನಿರದ ಸ್ನಾಯು

ಅಪ್ಪನ ಅಂಗೈಯಿಂದ ಸದಾ ನೋವಿನ ಎಣ್ಣೆಯ ವಾಸನೆ ಬರುತ್ತಿತ್ತು. ಮೊದಲು ಮೂಗಿಗೆ ಚುಚ್ಚಿ, ಆಮೇಲೆ ಸ್ವಲ್ಪ ಹೊತ್ತು ಸಿಹಿಯೆನಿಸುವ ವಾಸನೆ. ಒಂದು ಫುಟ್‌ಬಾಲ್ ತಂಡದ ಆಟಗಾರರ ಕಾಲು ತಿಕ್ಕುವುದು ಅವನ ಕೆಲಸ. ಎಷ್ಟು ಸೋಪು ಹಾಕಿ ತೊಳೆದರೂ ಹೋಗದ ಆ ವಾಸನೆಯ ಕೈಯಲ್ಲೇ ಮಗಳ ಜಡೆ ಹೆಣೆಯುತ್ತಿದ್ದ, ಮಗನ ಮೂಗು ಒರೆಸುತ್ತಿದ್ದ. "ಮೈ ಬಗ್ಗಿಸಿದವರಿಗೆ ಮೈ ಯಾವತ್ತೂ ಮೋಸ ಮಾಡಲ್ಲ ಕಣ್ರೋ," ಅನ್ನುತ್ತಿದ್ದ. ಮಗಳು ಅದನ್ನು ನಂಬಿದಳು. ನಂಬಿ, ಓದಿ, ಈಗ ಐವತ್ತೆರಡನೆಯ ವಯಸ್ಸಿನಲ್ಲಿ ಎರಡು ಕೋಣೆಯ ಒಂದು ಜಿಮ್‌ನಲ್ಲಿ ಕೋಚ್ ಆಗಿದ್ದಳು.

ಅವಳ ತರಗತಿಗೆ ಬರುವವರು ಮಂಡಿ ನೋವಿನ ಹೆಂಗಸರು, ಕುರ್ಚಿಯಲ್ಲಿ ಕೂತು ಕೂತು ಬೆನ್ನು ಕೆಡಿಸಿಕೊಂಡ ಗುಮಾಸ್ತರು. ಮೊದಲ ದಿನ ಅವಳು ಎರಡೂ ಕೈ ಮುಂದೆ ಚಾಚಿ, ಬೆರಳ ಸಂದಿಯಲ್ಲಿ ಬೆರಳು ತೂರಿಸಿ ತೋರಿಸುತ್ತಿದ್ದಳು.

"ಸ್ನಾಯುವಿನೊಳಗೆ ಹೀಗೆ ಎಳೆಗಳಿರುತ್ವೆ. ಯಾವ ಎಳೆಯೂ ಕುಗ್ಗಲ್ಲ, ಒಂದರ ಪಕ್ಕ ಒಂದು ಜಾರುತ್ತೆ, ಅಷ್ಟೇ. ದಪ್ಪ ಎಳೆಗೆ ಪುಟಾಣಿ ಕೈಗಳಿವೆ. ತೆಳು ಎಳೆಯನ್ನ ಹಿಡಿ, ಎಳಿ, ಬಿಡು, ಮತ್ತೆ ಹಿಡಿ. ಥೇಟ್ ಹಗ್ಗಜಗ್ಗಾಟ. ನರದಿಂದ ಅಪ್ಪಣೆ ಬಂದ ತಕ್ಷಣ ಶುರು. ಎಳೆಯೋದು ಮಾತ್ರ ಗೊತ್ತು ಅದಕ್ಕೆ, ತಳ್ಳೋಕೆ ಬರಲ್ಲ."

"ನಮ್ಮ ಯಜಮಾನರ ಹಾಗೆ," ಎಂದಳು ಒಂದು ಸಲ ಹಿಂದಿನ ಸಾಲಿನವಳೊಬ್ಬಳು. "ರಾತ್ರಿಯೆಲ್ಲ ಹೊದಿಕೆ ಎಳ್ಕೊಳ್ಳೋದೊಂದೇ ಗೊತ್ತು."

"ಎಳ್ಕೊಳ್ಳಲಿ ಬಿಡಿ, ಅವರ ತೋಳಿಗಾದ್ರೂ ವ್ಯಾಯಾಮ ಆಗುತ್ತೆ," ಎಂದಳು ಕೋಚ್. "ದುಡಿಸಿದಷ್ಟೂ ದಪ್ಪ ಆಗುತ್ತೆ, ಸುಮ್ಮನೆ ಬಿಟ್ಟರೆ ಕರಗುತ್ತೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು."

ಅವಳ ತಮ್ಮ ಕೂತು ಉಂಡವನಲ್ಲ. ಗೋಡೆಗೆ ಬಣ್ಣ ಹೊಡೆಯುವವನು. ಆಳು ಉದ್ದ, ಆಯಸ್ಸೆಲ್ಲ ಏಣಿಯ ಮೇಲೇ ಕಳೆದಿದ್ದ. ಜೊತೆಗಾರರು ಅವನನ್ನೇ 'ಏಣಿ' ಎಂದು ಕರೆಯುತ್ತಿದ್ದರು. ಎಂಟು ತಿಂಗಳ ಹಿಂದೆ ಅವನ ಬಲಗೈಯಿಂದ ಬ್ರಷ್ಷು ಜಾರಿ ಬೀಳತೊಡಗಿತು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದಾಯಿತು. ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸ ಬತ್ತಿ ಗುಳಿ ಬಿದ್ದದ್ದನ್ನು ಅಕ್ಕ ನೋಡಿದಳು.

"ಸರಿಯಾಗಿ ಉಣ್ಣದೆ, ಮಲಗದೆ ದುಡಿದು ಕೈಯನ್ನ ಸವೆಸಿಟ್ಟಿದೀಯ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ಜಿಮ್ಮಿಗೆ ಬಾ. ಮತ್ತೆ ಕಟ್ಟೋಣ."

"ಬಣ್ಣ ಹೊಡೆಯೋನಿಗೆ ಪೈಲ್ವಾನ್ ವೇಷವಾ?" ಎಂದು ನಕ್ಕ. ಆದರೆ ಒಂದು ದಿನವೂ ತಪ್ಪಿಸದೆ ಬಂದ. ರಬ್ಬರ್ ಚೆಂಡು ಹಿಸುಕಿದ, ಮಣಿಕಟ್ಟಿಗೆ ಭಾರ ಕಟ್ಟಿ ಎತ್ತಿದ. ಅಕ್ಕ ಹತ್ತಿರವೇ ನಿಂತು ಹುರಿದುಂಬಿಸಿದಳು, ಬೈದಳು, ಇನ್ನೊಂದು, ಇನ್ನೊಂದೇ ಒಂದು ಎಂದಳು.

ಮೂರನೆಯ ವಾರ ಅವನ ಹೆಂಡತಿಯೇ ಬಂದಳು. ಬಟ್ಟೆ ಇಸ್ತ್ರಿ ಮಾಡಿ ಸಂಸಾರಕ್ಕೆ ಹೆಗಲು ಕೊಟ್ಟವಳು, ಮಾತು ಕಡಿಮೆ.

"ಅತ್ತಿಗೆ, ಅವರಿಗೆ ತುಂಬಾ ಸುಸ್ತಾಗ್ತಿದೆ. ಮನೆಗೆ ಬಂದವರು ಹಾಸಿಗೆ ಮೇಲೆ ಹಾಗೇ ಬೀಳ್ತಾರೆ. ಸ್ವಲ್ಪ ದಿನ ಬಿಡಿ."

"ನೀನು ಮುದ್ದು ಮಾಡಿ ಮಾಡಿಯೇ ಅವನನ್ನ ಕೆಡಿಸ್ತಿರೋದು. ಸುಸ್ತಾಗದೆ ಶಕ್ತಿ ಎಲ್ಲಿಂದ ಬರಬೇಕು? ನನಗಿಂತ ನಿನಗೆ ಹೆಚ್ಚು ಗೊತ್ತಾ?"

ನಾದಿನಿ ಹೊರಟುಹೋದಳು.

ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೂತು ತಮ್ಮ ಸುಧಾರಿಸಿಕೊಳ್ಳುತ್ತಿದ್ದಾಗ, ಅವನ ತೋಳಿನ ಚರ್ಮದ ಕೆಳಗೆ ಏನೋ ಮಿಸುಕಿತು, ಕೆಸರು ನೀರಿನಲ್ಲಿ ಮರಿಮೀನು ಹೊರಳಿದ ಹಾಗೆ. ಅವನು ಕೈ ಆಡಿಸಿರಲಿಲ್ಲ. ಅದು ತಾನಾಗಿಯೇ ಮತ್ತೊಂದು ಕಡೆ ಮಿಸುಕಿತು.

"ಎಚ್ಚರ ಆಗ್ತಿದೆ ಕಣೋ!" ಅಕ್ಕ ಚಪ್ಪಾಳೆ ತಟ್ಟಿದಳು. "ಮಲಗಿದ್ದ ಸ್ನಾಯು ಏಳ್ತಿದೆ!" ಅಲ್ಲಿಂದಲೇ ನಾದಿನಿಗೆ ಫೋನ್ ಮಾಡಿ ಹೇಳಿದಳು. ಆ ಕಡೆಯಿಂದ ನಾದಿನಿ ಬಹಳ ದಿನಗಳ ಮೇಲೆ ನಕ್ಕದ್ದು ಕೇಳಿಸಿತು. ಅಂದಿನಿಂದ ಭಾರ ಒಂದು ಕಿಲೋ ಹೆಚ್ಚಾಯಿತು.

ಅದಾಗಿ ತಿಂಗಳೊಳಗೆ ಬಲಗಾಲು ಎಳೆಯತೊಡಗಿತು. ಏಣಿಯ ಎರಡನೆಯ ಮೆಟ್ಟಿಲಿನಿಂದ ತಮ್ಮ ಬಿದ್ದ. ಆಗ ಅಕ್ಕ ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮುಟ್ಟುವ ಮೊದಲು ತನ್ನ ತಣ್ಣನೆಯ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಕೂದಲೆಳೆಯಂಥ ಸೂಜಿಯೊಂದನ್ನು ತೋಳಿನ ಸ್ನಾಯುವಿಗೆ ಚುಚ್ಚಿದಳು. ಸೂಜಿಯ ತಂತಿ ಒಂದು ಯಂತ್ರಕ್ಕೆ, ಯಂತ್ರದಿಂದ ಒಂದು ಸ್ಪೀಕರಿಗೆ.

"ಕೈ ಪೂರ್ತಿ ಸಡಿಲ ಬಿಡಿ. ಸ್ನಾಯು ಸುಮ್ಮನಿದ್ದಾಗ ಸದ್ದು ಬರಬಾರದು."

ಸದ್ದು ಬಂತು. ತಗಡಿನ ಮಾಡಿನ ಮೇಲೆ ದಪ್ಪ ಹನಿ ಬಿದ್ದಂತೆ, ಒಂದು, ಆಮೇಲೆ ಎರಡು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಎಡಗೈಯಲ್ಲೂ ಅದೇ, ಎರಡೂ ಕಾಲಿನಲ್ಲೂ ಅದೇ. ಡಾಕ್ಟರು ಸ್ಪೀಕರಿನ ಸದ್ದನ್ನು ತಗ್ಗಿಸಿ ಪರದೆಯನ್ನಷ್ಟೇ ನೋಡಿದಳು.

"ಸ್ನಾಯುವಿನದೇನೂ ತಪ್ಪಿಲ್ಲ," ಎಂದಳು ಡಾಕ್ಟರು ಕೊನೆಗೆ, ಕುರ್ಚಿ ಎಳೆದುಕೊಂಡು ತಮ್ಮನ ಎದುರೇ ಕೂತು. "ಅದಕ್ಕೆ ಅಪ್ಪಣೆ ಕೊಡೋ ನರಗಳು ಒಂದೊಂದಾಗಿ ಸಾಯ್ತಿವೆ. ನರ ಸಾಯುವಾಗ ಸ್ನಾಯು ಹೀಗೆ ಅಲ್ಲಲ್ಲಿ ಅದುರುತ್ತೆ."

"ವ್ಯಾಯಾಮ ಇನ್ನೂ ಜಾಸ್ತಿ ಮಾಡಿಸಿದ್ರೆ?" ಎಂದಳು ಅಕ್ಕ. ಕೇಳಬಾರದೆಂದು ಗೊತ್ತಾಗುವ ಮೊದಲೇ ಬಾಯಿಗೆ ಬಂದುಬಿಟ್ಟಿತ್ತು.

"ಕೀಲು ಬಿಗಿಯದ ಹಾಗೆ ಮೆಲ್ಲಗೆ ಕೈಕಾಲು ಆಡಿಸಿ, ಸಾಕು. ಭಾರ ಬೇಡ. ಹೋದದ್ದು ವಾಪಸ್ ಬರಲ್ಲಮ್ಮ. ನಿಮ್ಮಿಂದ ಬಂದ ಕಾಯಿಲೆ ಅಲ್ಲ ಇದು, ಅದನ್ನ ತಲೇಲಿ ಇಟ್ಕೋಬೇಡಿ. ಇರೋ ಶಕ್ತಿಯನ್ನ ದಿನದ ಕೆಲಸಕ್ಕೆ ಉಳಿಸಿಕೊಡಿ, ಅಷ್ಟೇ."

ಎಷ್ಟು ದಿನ ಎಂದು ತಮ್ಮನೇ ಕೇಳಿದ. ಎರಡು ವರ್ಷ, ಮೂರು, ಕೆಲವರಿಗೆ ಇನ್ನೂ ಸ್ವಲ್ಪ, ಎಂದಳು ಡಾಕ್ಟರು. ಮುಂದೆ ನುಂಗುವುದು ಕಷ್ಟವಾಗುತ್ತದೆ, ಆಮೇಲೆ ಉಸಿರು. ಉಸಿರೂ ಸ್ನಾಯುವಿನದೇ ಕೆಲಸ ಎಂಬುದನ್ನು ಅಕ್ಕ ನೂರು ಸಲ ಪಾಠ ಮಾಡಿದ್ದಳು.

ವಾಪಸು ಬರುವಾಗ ಬಸ್ಸಿನ ಕಂಡಕ್ಟರು ತಮ್ಮನು ಮೂರು ಮೆಟ್ಟಿಲು ಹತ್ತಿ ಮುಗಿಸುವವರೆಗೂ ಶಿಳ್ಳೆ ಊದಲಿಲ್ಲ. ಅವನ ಕಡೆ ನೋಡದೆ ಚೀಟಿ ಜೋಡಿಸುವವನಂತೆ ನಿಂತಿದ್ದ.

"ಅಕ್ಕಾ, ಒಂದು ಹೇಳ್ತೀನಿ, ಬೈಬೇಡ," ಎಂದ ತಮ್ಮ, ಕಿಟಕಿಯಾಚೆ ನೋಡುತ್ತ. "ಹತ್ತು ಅಂತ ಎಣಿಸ್ತಿದ್ದೆನಲ್ಲ, ಎರಡು ತಿಂಗಳಿಂದ ಆರೇ ಎತ್ತುತ್ತಿದ್ದೆ. ನೀನು ಆ ಕಡೆ ತಿರುಗಿದಾಗ ಹಾರಿಸಿ ಎಣಿಸಿಬಿಡ್ತಿದ್ದೆ."

"ಯಾಕೋ ಹೇಳಲಿಲ್ಲ?"

"ನಿನಗೆ ಅಷ್ಟು ಖುಷಿ ಆಗ್ತಿತ್ತು."

ಅವಳು ಅವನ ಕೈ ಹಿಡಿದುಕೊಂಡಳು. ಅಂಗೈಯೊಳಗೆ ಅದು ಅಲ್ಲಲ್ಲಿ ಮಿಸುಕುತ್ತಲೇ ಇತ್ತು.

ತಮ್ಮನ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ಅವನು ಒಳಕೋಣೆಗೆ ಹೋಗಿ ಮಲಗಿದ. ನಾದಿನಿ ಯಾರದೋ ಬಿಳಿ ಅಂಗಿಯ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಡಾಕ್ಟರು ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಕೊನೆಗೆ ನುಂಗಲಾರದ ತುತ್ತೂ ಹೊರಗೆ ಬಂತು.

"ಆವತ್ತು ಎಚ್ಚರ ಆಗ್ತಿದೆ ಅಂತ ಫೋನ್ ಮಾಡಿದ್ನಲ್ಲ, ಅದು ಸಾಯ್ತಿದ್ದದ್ದು. ನೋಡಿ ಚಪ್ಪಾಳೆ ತಟ್ಟಿದೆ. ಸುಸ್ತು ಅಂತ ನೀನು ಹೇಳೋಕೆ ಬಂದಾಗ ನಿನಗೇನು ಗೊತ್ತು ಅಂದೆ. ಅವನಲ್ಲಿ ಉಳಿದಿದ್ದದ್ದನ್ನ ನಾನೇ ಹಿಂಡಿಬಿಟ್ಟೆ."

ನಾದಿನಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. "ಅವರಿಗೆ ಎಲ್ಲಾ ಗೊತ್ತಾ?"

"ಗೊತ್ತು."

ಅಂಗಿಯನ್ನು ಅರ್ಧಕ್ಕೇ ಬಿಟ್ಟು ಅವಳು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಪಾತ್ರೆಯ ಸದ್ದು ಮಾತ್ರ ಇರಲಿಲ್ಲ. ಅಕ್ಕನಿಗೆ ಆ ಮನೆಯಲ್ಲಿ ಇನ್ನು ನಿಲ್ಲುವ ಮುಖವಿರಲಿಲ್ಲ. ಹೊರಗೆ ಬಂದು ಮಹಡಿ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಂಡಳು. ಲೇಸು ಕಟ್ಟಲು ಬೆರಳುಗಳು ಹೇಳಿದ ಮಾತು ಕೇಳಿದವು, ಒಂದೇ ಸಲಕ್ಕೆ, ಚಕಚಕನೆ. ಅಷ್ಟು ವಿಧೇಯ ಬೆರಳು ತನಗಿದೆಯೆಂದು ಅವಳಿಗೆ ನಾಚಿಕೆಯಾಯಿತು. ಎದ್ದು ಹೋಗಬೇಕೆಂದುಕೊಂಡಳು, ಏಳಲಿಲ್ಲ. ಕೆಳಗಿನ ಮಹಡಿಯಲ್ಲಿ ಯಾರೋ ರೇಡಿಯೋ ಹಾಕಿ, ಮತ್ತೆ ಆರಿಸಿದರು.

ಹಿಂದೆ ಬಾಗಿಲು ತೆರೆಯಿತು. ಅಳು ತೊಳೆದುಕೊಂಡ ಮುಖದಲ್ಲಿ ನಾದಿನಿ ನಿಂತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಿಸಿ ಅನ್ನ, ಬೇಯಿಸಿದ ತರಕಾರಿ, ಒಂದು ಮೊಟ್ಟೆ. ಬಗ್ಗಿ, ಕೈ ಸುಡದಿರಲೆಂದು ಕೆಳಗೆ ಮಡಿಸಿದ ಬಟ್ಟೆಯೊಂದಿಟ್ಟು, ತಟ್ಟೆಯನ್ನು ಅತ್ತಿಗೆಯ ಕೈಗೆ ಕೊಟ್ಟಳು.