ಪುಟ್ಟಬಸಮ್ಮನ ಬೆಳ್ಳಿ ಕರಡಿಗೆ ಯಾರ ಕೊರಳಿಗೆ?

ಬಿಳಿಗೆರೆಯಲ್ಲಿ ನನ್ನನ್ನು ಕೇಳದೆ ಕೋಳಿಯೂ ಕೂಗುವುದಿಲ್ಲ. ನಂಜನಗೂಡಿನ ವಕೀಲರು ಕೇಸಿಲ್ಲದೆ ನೊಣ ಹೊಡೆಯುತ್ತಿದ್ದರೆ ಅದಕ್ಕೂ ನನ್ನ ಪಂಚಾಯ್ತಿಕೆಯೇ ಕಾರಣ. ಅಂಥ ನನ್ನ ತಲೆಯೂ ಬುಗುರಿಯಂತೆ ತಿರುಗಿದ್ದು ಎರಡು ಸಾವಿರದ ಆರನೇ ಇಸವಿಯಲ್ಲಿ, ಪಕ್ಕದ ಮನೆ ಶಿವಮಲ್ಲಪ್ಪನ ಜಗಲಿಯ ಮೇಲೆ.

ಶಿವಮಲ್ಲಪ್ಪನಿಗೂ ಅವನ ಹೆಂಡತಿ ಗುರುಬಸಮ್ಮನಿಗೂ ಮಕ್ಕಳಿರಲಿಲ್ಲ. ಅವರು ಹರಕೆ ಹೊರದ ದೇವರು ಮೂರು ಲೋಕದಲ್ಲೂ ಉಳಿದಿರಲಿಲ್ಲ. ಕೊನೆಗೆ ದತ್ತು ಮಗುವಿಗೆ ಅರ್ಜಿ ಹಾಕಿದರು. ಮೈಸೂರಿನ ದತ್ತು ಕೇಂದ್ರದ ಪವಿತ್ರ ಮೇಡಂ ಮನೆ ನೋಡಲು ಬಂದು ಕೇಳಿದರು: "ನಿಮಗೆ ಗಂಡು ಮಗುವಾ, ಹೆಣ್ಣು ಮಗುವಾ, ಯಾವುದಾದರೂ ಸರಿಯಾ?"

ಅಷ್ಟೇ, ಜಗಲಿ ರಣರಂಗವಾಯಿತು.

"ಗಂಡೇ ಬೇಕು ಕಣವ್ವ," ಎಂದರು ಶಿವಮಲ್ಲಪ್ಪನ ತಾಯಿ ಪುಟ್ಟಬಸಮ್ಮ. "ನಾಳೆ ಕೊಳ್ಳಿ ಇಡೋರ್ ಬ್ಯಾಡ್ವಾ?"

"ಸರಿಯಾದ ಮಾತು!" ಎಂದೆ ನಾನು, ಹತ್ತೂರಿಗೆ ಕೇಳುವಂತೆ.

"ಎಣ್ ಮಗೂನೇ ಇರ್ಲಿ," ಎಂದ ದಾಯಾದಿ ಗಂಗಾಧರಸ್ವಾಮಿ. "ಎಣ್ಮಕ್ಕಳಿಗೆ ಪ್ರೀತಿ ಜಾಸ್ತಿ. ಮದ್ವೆ ಮಾಡಿ ಕಳ್ಸುದ್ರೆ ಜಮೀನು ನಮ್ಮೊಳ್ಗೇ ಉಳೀತದೆ."

"ಅದೂ ಸರಿಯೇ!" ಎಂದೆ.

ಪವಿತ್ರ ನಕ್ಕರು. "ಹೆಣ್ಣಾಗಲಿ ಗಂಡಾಗಲಿ, ದತ್ತು ಮಗುವಿಗೆ ಕಾನೂನಿನಲ್ಲಿ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನಷ್ಟೇ ಹಕ್ಕು. ಮದುವೆಯಾದರೂ ಅದು ಹೋಗಲ್ಲ, ಸ್ವಾಮಿಯವರೇ."

"ಅಂಗಿದ್ರೆ ಯಾವ್ದೂ ಬ್ಯಾಡ ಬುಡ್ರಿ!" ಎಂದ ಗಂಗಾಧರಸ್ವಾಮಿ.

"ಅವ್ವ ಏಳ್ದಂಗೆ... ಅಲ್ಲ, ಇವ್ಳು ಏಳ್ದಂಗೆ..." ಎಂದು ತೊದಲಿದ ಶಿವಮಲ್ಲಪ್ಪ. ಗುರುಬಸಮ್ಮ ಇನ್ನೂ ಏನನ್ನೂ ಹೇಳಿಯೇ ಇರಲಿಲ್ಲ.

ಪವಿತ್ರ ಬ್ಯಾಗು ಎತ್ತಿಕೊಂಡರು. "ಮನೆಯವರು ಒಂದು ಮನಸ್ಸು ಮಾಡದಿದ್ದರೆ ಮಗು ಕೊಡೋಕೆ ಆಗಲ್ಲ."

ಬಾಗಿಲಲ್ಲಿ ನಿಂತಿದ್ದ ಗುರುಬಸಮ್ಮನ ಕಣ್ಣು ತುಂಬಿತು. ಆದರೂ ಬಾಯಿ ಬಿಟ್ಟಳು.

"ಅತ್ತೆ, ಕೊಳ್ಳಿ ಅಂದ್ರಲ್ಲ, ನಮ್ಮೋರಲ್ಲಿ ಸುಡೋದೇ ಇಲ್ವಲ್ಲ! ಮಾವನ್ನ ಮಣ್ಣು ಮಾಡಿದ್ದು ಮರ್ತೋಯ್ತಾ?"

ಪುಟ್ಟಬಸಮ್ಮನ ಬಾಯಿ ತೆರೆದದ್ದು ಹಾಗೇ ಉಳಿಯಿತು. ನಂಜನಗೂಡು ಬಸ್ಸು ಅದರೊಳಗೆ ಹೋಗಿ ತಿರುಗಿಕೊಂಡು ಬರಬಹುದಿತ್ತು. ನಿಜವೇ! ಲಿಂಗಾಯತರಾದ ನಾವು ಸತ್ತವರನ್ನು ಹೂಳುತ್ತೇವೆ. ಯಾರ ಮನೆಯದೋ ಭಯವನ್ನು ತಂದು ಮುದುಕಿ ಸಾಕಿಕೊಂಡಿದ್ದರು. ಜೋರಾಗಿ ಹೌದೆಂದ ನಾನೂ ಲಿಂಗಾಯತನೇ!

"ಆದ್ರೂ ಮೊಮ್ಮಗನಿಗೇಂತ ಬೆಳ್ಳಿ ಕರಡಿಗೆ ಮಡಗಿವ್ನಿ ಕಣವ್ವ," ಎಂದರು ಸಣ್ಣ ದನಿಯಲ್ಲಿ. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಸಂಪುಟವದು.

"ನಿಮ್ ಕೊರಳಲ್ಲೂ ಕರಡಿಗೆ ಅದೆಯಲ್ಲ ಅತ್ತೆ. ನೀವೇನ್ ಗಂಡಸ್ರಾ?"

ಪುಟ್ಟಬಸಮ್ಮ ತಮ್ಮ ಕರಡಿಗೆಯನ್ನು ಮುಟ್ಟಿ ನೋಡಿಕೊಂಡರು. ನಾನು ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡೆ. ಭೂಮಿ ಹುಟ್ಟಿದ ಮೇಲೆ ಅದೇ ಮೊದಲು.

"ಯಾವ್ ಮಗು ಕಾಯ್ತಾ ಅದೋ ಅದ್ನೇ ಕೊಡವ್ವ," ಎಂದರು ಮುದುಕಿ. "ವಸಿ ಬಿರ್ನೆ ಕೊಡು. ನಂಗೂ ವಯಸ್ಸಾಯ್ತು."

ಶಿವಮಲ್ಲಪ್ಪ ಹೂಂ ಎಂದ. ಈ ಸಲ ತೊದಲಲಿಲ್ಲ.

ಮಗು ಬಂತು. ಅದು ಅತ್ತರೆ ಕಪಿಲಾ ಹೊಳೆಯಲ್ಲಿ ಮೀನು ಬೆಚ್ಚುತ್ತಿದ್ದವು! ಬೆಳ್ಳಿ ಕರಡಿಗೆಯನ್ನು ಬಾಯಿಗಿಟ್ಟು ಜೊಲ್ಲು ಸುರಿಸುತ್ತಿತ್ತು. ಸಂಜೆಯಾದರೆ ಎತ್ತಿಕೊಂಡು ತಿರುಗುತ್ತಿದ್ದವನು ಅದೇ ಗಂಗಾಧರಸ್ವಾಮಿ.

ಅದು ಗಂಡೋ ಹೆಣ್ಣೋ ಎಂದು ಕೇಳುತ್ತಿದ್ದೀರಾ? ನಾನು ಹೇಳುವುದಿಲ್ಲ. ದತ್ತು ತೆಗೆದುಕೊಳ್ಳಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ಮೊದಲು ಮನೆಯವರೆಲ್ಲ ಕೂತು ಮಾತಾಡಿ. ನಿಮ್ಮ ಭಯ ನಿಮ್ಮದೇನಾ ನೋಡಿಕೊಳ್ಳಿ. ಸರ್ಕಾರದ ಮಾನ್ಯತೆ ಇರುವ ಕೇಂದ್ರಕ್ಕೇ ಹೋಗಿ. ಗಂಡೋ ಹೆಣ್ಣೋ ಎಂದು ಅಲ್ಲಿ ಕೇಳಿದಾಗ, "ನಮ್ಮ ಮಗು ಕೊಡಿ" ಅನ್ನಿ.