ಅರ್ಧಕ್ಕೆ ನಿಂತ ಹಾಡು

ನಾನು ಒಂದು ಹೆಡ್‌ಫೋನ್. ಈಗಿನವರಂತೆ ಕಿವಿಯೊಳಗೆ ಅಡಗಿ ಕೂರುವ ಜಾತಿಯವನಲ್ಲ. ತಲೆಯ ಮೇಲೊಂದು ಪಟ್ಟಿ, ಎರಡೂ ಕಡೆ ಬಟ್ಟಲಿನಂಥ ಮೆತ್ತೆ, ಕೆಳಗೆ ಉದ್ದನೆಯ ವೈರು. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಉದ್ದ ಮೇಜಿನ ಮುಂದೆ ಕೂತಿದ್ದ ಒಬ್ಬ ಹೆಂಗಸು ನನ್ನೊಳಗೆ ಕೂದಲೆಳೆಯಂಥ ತಂತಿ ಬೆಸೆದಳು, ಒಮ್ಮೆ ತನ್ನ ಕಿವಿಗಿಟ್ಟು ನೋಡಿ ಮುಂದಕ್ಕೆ ತಳ್ಳಿದಳು. ಆಮೇಲೆ ಡಬ್ಬಿ, ಹಡಗು, ಲಾರಿ. ಮತ್ತೆ ಬೆಳಕು ಕಂಡಾಗ ಹುಬ್ಬಳ್ಳಿಯ ಕ್ಯಾಸೆಟ್ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿದ್ದೆ.

ನನ್ನನ್ನು ಕೊಂಡವರು ಇಬ್ಬರು ಗೆಳೆಯರು. ಗುರುಸಿದ್ಧ, ದುರ್ಗದಬೈಲಿನ ಭಾಂಡೆ ಅಂಗಡಿಯವರ, ಅಂದರೆ ಪಾತ್ರೆ ವ್ಯಾಪಾರಿಗಳ ಮಗ. ಮುಸ್ತಾಕ, ಅಂಗಡಿಗಳಿಗೆ ಬೋರ್ಡ್ ಬರೆದುಕೊಡುವ ಪೇಂಟರ್. ಇಬ್ಬರಿಗೂ ಹಿಡಿದಿದ್ದ ಹುಚ್ಚು ಒಂದೇ: ಪ್ರೊಗ್ರೆಸಿವ್ ಮೆಟಲ್ ಎಂಬ ರಾಕ್ ಸಂಗೀತ. ಹನ್ನೆರಡು ನಿಮಿಷದ ಹಾಡುಗಳು, ಗುಡುಗಿನಂಥ ಗಿಟಾರು. ಕೇಳುವವನಿಗೆ ತಾಳ ಸಿಕ್ಕಿತು ಅನ್ನುವಷ್ಟರಲ್ಲಿ ಅದು ಬೇರೆ ದಾರಿ ಹಿಡಿದಿರುತ್ತಿತ್ತು. ಸ್ವೀಡನ್ನಿನ ಒಂದು ಬ್ಯಾಂಡ್ ಎಂದರೆ ಇಬ್ಬರಿಗೂ ಪ್ರಾಣ.

ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಸ್ಟೀಲ್ ಪಾತ್ರೆಗಳ ನಡುವೆ, ನನ್ನ ಒಂದು ಕಿವಿಯನ್ನು ಇವನು, ಇನ್ನೊಂದನ್ನು ಅವನು ಹಿಡಿದುಕೊಂಡು ತಲೆಗೆ ತಲೆ ತಾಗಿಸಿ ಕೂರುತ್ತಿದ್ದರು. ಮುಸ್ತಾಕ ಬೋರಲು ಹಾಕಿದ ಬೋಗುಣಿಯ ಮೇಲೆ ಬೆರಳು ಬಡಿಯುತ್ತಾ ಕೂಗುತ್ತಿದ್ದ.

"ಎಣಸಲೇ! ಏಳಕ್ಕ ತಿರಗತೈತಿ. ಎಂಟು ಬರ್ತೈತಿ ಅಂತ ಕುಂತ್ರ ಮೋಸ ಹೋಗ್ತಿ!"

ಗುರುಸಿದ್ಧನ ಅಪ್ಪ ಒಮ್ಮೆ ನನ್ನನ್ನು ಕಿವಿಗೆ ಹಚ್ಚಿ ನೋಡಿ ಗಾಬರಿಯಾಗಿ ಕಿತ್ತಿಟ್ಟರು. "ಭಾಂಡೆ ಬಿದ್ದಂಗ ಸಪ್ಪಳಪಾ! ದಿನಾ ಅಂಗಡ್ಯಾಗ ಕೇಳೂದು ಸಾಲದೇನು ನಿಮಗ?"

ಅವರಿಬ್ಬರೂ ಬಿದ್ದು ಬಿದ್ದು ನಕ್ಕರು. ಆ ಊರಿನಲ್ಲಿ ಆ ಸಂಗೀತ ಅರ್ಥವಾಗುತ್ತಿದ್ದವರು ತಾವಿಬ್ಬರೇ ಎಂಬ ಹೆಮ್ಮೆ ಅವರಿಗೆ. ಅದು ನನಗೂ ಇತ್ತು.

ಒಂದು ವಾರ ಗುರುಸಿದ್ಧನಲ್ಲಿ, ಒಂದು ವಾರ ಮುಸ್ತಾಕನಲ್ಲಿ, ಹೀಗೆ ನಾನು ಮನೆ ಬದಲಾಯಿಸುತ್ತಿದ್ದೆ. ಒಂದು ವರ್ಷ ಮುಸ್ತಾಕನ ತಾಯಿ ತೀರಿಕೊಂಡರು. ಆಗಷ್ಟೇ ಆ ಬ್ಯಾಂಡಿನ ಹೊಸ ಸಿ.ಡಿ. ಬಂದಿತ್ತು. ಅದರಲ್ಲೊಂದು ಮೆತ್ತನೆಯ ಹಾಡು. ಡ್ರಮ್ ಇಲ್ಲ, ಗಿಟಾರ್ ಇಲ್ಲ, ಬರೀ ಪಿಯಾನೋ ಮತ್ತು ಒಂಟಿ ದನಿ. ಮುಸ್ತಾಕ ಅದೊಂದನ್ನೇ ಮತ್ತೆ ಮತ್ತೆ ಕೇಳಿದ. ಅವನ ಕೆನ್ನೆಯ ನೀರು ನನ್ನ ಮೆತ್ತೆಗೆ ಇಳಿದದ್ದು ಬೇರೆ ಯಾರಿಗೂ ಗೊತ್ತಿಲ್ಲ.

ವಾರ ಮುಗಿದು ನನ್ನನ್ನು ಗೋದಾಮಿಗೆ ತಂದವನು, ಗುರುಸಿದ್ಧನ ತಲೆಗೆ ತಾನೇ ತೊಡಿಸಿ ಆ ಹಾಡು ಹಚ್ಚಿ, ಎದುರಿಗೆ ಕೂತು ಮುಖ ನೋಡುತ್ತಿದ್ದ. ಹಾಡು ಅರ್ಧವೂ ಆಗಿರಲಿಲ್ಲ, ಗುರುಸಿದ್ಧ ನನ್ನನ್ನು ಕಿತ್ತು ಚೀಲದ ಮೇಲೆ ಎಸೆದ.

"ಇದೇನಲೇ, ಮದುವಿ ಮನಿ ಹಾಡು! ಮುಗೀತು ಇವರ ಕತಿ. ರೊಕ್ಕಕ್ಕ ಮಾರ್ಕೊಂಡಾರ."

"ಪೂರಾ ಕೇಳೋ."

"ಏನ್ ಕೇಳೂದು? ಇದು ಚಲೋ ಐತಿ ಅಂತೀ ಅಂದ್ರ, ಈ ಸಂಗೀತ ನಿನಗ ಎಂದೂ ತಿಳದೇ ಇಲ್ಲ ಬಿಡು."

ಮುಸ್ತಾಕ ಎದ್ದು ಹೋದ. ನನ್ನನ್ನು ಒಯ್ಯಲಿಲ್ಲ.

ನಾಳೆ ಬರುತ್ತಾನೆ ಎಂದು ಗುರುಸಿದ್ಧ ಕಾದ. ಇವನು ಕರೆಯಲಿ ಎಂದು ಬಹುಶಃ ಅವನೂ ಕಾದಿರಬೇಕು. ಹಾಗೆ ಕಾಯುವುದರಲ್ಲೇ ವರ್ಷಗಳು ಹೋದವು. ಗುರುಸಿದ್ಧನಿಗೆ ಮದುವೆಯಾಯಿತು, ಅಪ್ಪ ಹೋದರು, ಗಲ್ಲಾಪೆಟ್ಟಿಗೆಯ ಮುಂದೆ ಇವನು ಕೂತ. ನನ್ನ ಮೆತ್ತೆ ಒಣಗಿ ಪುಡಿಪುಡಿಯಾಯಿತು. ಒಬ್ಬನೇ ಕೇಳುವಾಗ ಅವನು ಹಾಡಿನ ನಡುವೆ ಥಟ್ಟನೆ ಪಕ್ಕಕ್ಕೆ ತಿರುಗುತ್ತಿದ್ದ. ಅಲ್ಲಿ ಪಾತ್ರೆಗಳಷ್ಟೇ ಇರುತ್ತಿದ್ದವು.

ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಸುದ್ದಿ ಬಂತು: ಆ ಬ್ಯಾಂಡ್ ಒಡೆಯಿತು, ಇನ್ನು ಹಾಡುವುದಿಲ್ಲ. ಗುರುಸಿದ್ಧ ಗಿರಾಕಿಗಳತ್ತ ನೋಡಿದ, ಕೆಲಸದವರತ್ತ ನೋಡಿದ. ಹೇಳಿಕೊಳ್ಳಲು ಇಡೀ ಊರಿನಲ್ಲಿ ಒಬ್ಬನೇ ಇದ್ದ. ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಬಾಗಿಲು ತೆರೆದದ್ದು ಮುಸ್ತಾಕನ ಹೆಂಡತಿ ಶಾಹೀನ್. ಇವನು ಹೆಸರು ಹೇಳಿದ. "ಗುರುಸಿದ್ಧಣ್ಣಾರೇನ್ರಿ? ಬರ್ರಿ ಒಳಗ. ನಿಮ್ಮ ಹೆಸರು ಭಾಳ ಹೇಳ್ತಿರ್ತಾರ. ಅವರ ಎದುರಿಗೆ ಕುಂತು ಸಾವಕಾಶ ಮಾತಾಡ್ರಿ. ಮೆದುಳುಜ್ವರ ಬಂದಾಗಿಂದ ಕಿವಿ ಪೂರಾ ಹೋಗ್ಯಾವ. ತುಟಿ ನೋಡಿ ತಿಳ್ಕೋತಾರ."

ಗುರುಸಿದ್ಧ ಹೊಸ್ತಿಲಲ್ಲೇ ನಿಂತ. ಅವನನ್ನು ಕಂಡು ಒಳಗಿನಿಂದ ಮುಸ್ತಾಕನೇ ಕೂಗಿದ. "ಬಾರಲೇ! ಹೊಟ್ಟಿ ಬಂತಲ್ಲೋ ನಿನಗ!"

"ಬ್ಯಾಂಡ್ ಒಡೀತೋ," ಅಂದ ಗುರುಸಿದ್ಧ.

"ಓದಿದೆ. ಯಾರ ಮುಂದ ಹೇಳ್ಕೋಬೇಕು ತಿಳೀಲಿಲ್ಲ."

ಚೀಲದಿಂದ ಇಣುಕುತ್ತಿದ್ದ ನನ್ನನ್ನು ಕಂಡು ಅವನೇ ತೆಗೆದು ತಲೆಗೆ ಹಾಕಿಕೊಂಡ. "ಹಚ್ಚು."

ಗುರುಸಿದ್ಧ ನನ್ನ ವೈರನ್ನು ಮೊಬೈಲಿಗೆ ಸಿಕ್ಕಿಸಿ ಒಂದು ಹಳೆಯ ಹಾಡು ಹಚ್ಚಿದ. ಮುಸ್ತಾಕ ಎರಡೂ ಅಂಗೈಯಿಂದ ನನ್ನನ್ನು ಬಿಗಿಯಾಗಿ ಒತ್ತಿಕೊಂಡ. ಡ್ರಮ್ಮಿನ ಅದುರು ಅವನ ದವಡೆಗೆ ಮುಟ್ಟಿತು. ಬೆರಳುಗಳು ತಾಳ ಹಿಡಿದವು. "ತಪ್ಪಲಿಲ್ಲ ನೋಡ!" ಎಂದು ನಕ್ಕ. "ಈಗ ಅದನ್ನ ಹಚ್ಚು, ಆ ಪಿಯಾನೋದ್ದು."

ಹಾಡು ಶುರುವಾಯಿತು. ನಾನು ಶಕ್ತಿಮೀರಿ ನುಡಿದೆ. ಆದರೆ ಅಷ್ಟು ಮೆತ್ತನೆಯದು ಅಂಗೈಗೆ ತಾಗುವುದಿಲ್ಲ. ಮುಸ್ತಾಕ ಕಣ್ಣು ಮುಚ್ಚಿ ಕಾದ. ಆಮೇಲೆ ಕಣ್ಣು ತೆರೆದು ಕೇಳಿದ, "ಹಚ್ಚಿಯೇನು?"

ಗುರುಸಿದ್ಧನ ಮುಖ ನೋಡಿ ಅವನಿಗೆ ತಿಳಿಯಿತು. ನನ್ನನ್ನು ತೆಗೆದು ಗೆಳೆಯನ ತಲೆಗೆ ತೊಡಿಸಿದ. "ನೀ ಕೇಳು. ಪೂರಾ ಕೇಳು."

ಗುರುಸಿದ್ಧ ಪೂರ್ತಿ ಕೇಳಿದ. ಕೊನೆಯಲ್ಲಿ ಆ ದನಿ ಒಡೆಯುವ ಜಾಗ ಬಂದಾಗ ಅವನ ಹೆಗಲು ಅಲುಗಿತು.

"ಹೆಂಗೈತಿ?"

"ಚಲೋ ಐತಿ."

"ಅಮ್ಮಿ ಹೋದಾಗ ಇದೊಂದ ಕೇಳ್ಕೋಂತ ಕುಂದರ್ತಿದ್ದೆ."

"ನನಗ್ಯಾಕ ಹೇಳಲಿಲ್ಲೋ?"

"ಹೇಳಾಕ ಬಂದಿದ್ದೆ," ಅಂದ ಮುಸ್ತಾಕ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಅರ್ಧಕ್ಕ ತೆಗೆದಿ."

ಈಗ ನನ್ನ ಬಲಗಿವಿ ನುಡಿಯುವುದಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಗೂಡಿನಲ್ಲಿ ಮಲಗಿದ್ದೇನೆ. ಮುಸ್ತಾಕ ಆಗಾಗ ಬರುತ್ತಾನೆ, ಇಬ್ಬರೂ ಚಹಾ ಕುಡಿಯುತ್ತಾರೆ, ಹಳೆಯ ಹಾಡುಗಳ ಮಾತಾಡುತ್ತಾರೆ. ಹೊಸ ಹಾಡು ಬಂದರೆ ಗುರುಸಿದ್ಧ ತುಟಿ ಅಗಲಿಸಿ, ಕೈ ಆಡಿಸಿ ವಿವರಿಸುತ್ತಾನೆ. ಮುಸ್ತಾಕ ಕೇಳಿಸಿದವನಂತೆಯೇ ತಲೆಯಾಡಿಸುತ್ತಾನೆ. ಎಷ್ಟೋ ಸಾವಿರ ಹಾಡುಗಳನ್ನು ನಾನು ಇವರಿಗೆ ಮುಟ್ಟಿಸಿದ್ದೇನೆ. ಆದರೂ ನೆನಪಾಗುವುದು ಗೋದಾಮಿನ ಆ ಒಂದು ದಿನ. ಇನ್ನು ಮೂರ್ನಾಲ್ಕು ನಿಮಿಷ ನನ್ನನ್ನು ತಲೆಯ ಮೇಲೆ ಇರಗೊಟ್ಟಿದ್ದರೆ ಸಾಕಿತ್ತು.