ನಲವತ್ತನೆಯ ದಿನದ ಮುಖ

ಡ್ಯಾನ್ಯೂಬ್ ನದಿಯ ದಂಡೆಯ ಆ ಊರಿನಲ್ಲಿ ಸತ್ತವರ ಮುಖವೆಲ್ಲ ಫೋಟೊ ತಿದ್ದುವ ದೋನ್ಕಾಳ ಕೈ ಹಾದೇ ಹೋಗಬೇಕು. ಮಣ್ಣು ಮಾಡುವ ದಿನಕ್ಕೊಂದು, ನಲವತ್ತನೆಯ ದಿನಕ್ಕೊಂದು, ವರ್ಷಕ್ಕೊಂದು ಸಾವಿನ ಚೀಟಿ ಫೋಟೊ ಸಮೇತ ಮನೆಬಾಗಿಲಿಗೂ ಚರ್ಚಿನ ಗೇಟಿಗೂ ಬಸ್ ನಿಲ್ದಾಣದ ಗೋಡೆಗೂ ಅಂಟಬೇಕು. ಜೀವಮಾನದಲ್ಲಿ ಕೋಟು ಹಾಕದವನಿಗೆ ಕೋಟು ತೊಡಿಸಿ, ಕೈಲಿದ್ದ ರಾಕಿಯಾ ಸಾರಾಯಿಯ ಲೋಟ ತೆಗೆದು, ಪಕ್ಕದವನ ಭುಜ ಅಳಿಸಿ ದೋನ್ಕಾ ಹೆಣಕ್ಕೊಂದು ಮರ್ಯಾದೆ ಕೊಡುತ್ತಿದ್ದಳು. ಅವಳ ಬಳಿ ಇದ್ದದ್ದು ಒಂದೇ ಕಪ್ಪು ಕೋಟಿನ ಚಿತ್ರ. ಊರಿನ ಅರ್ಧ ಗಂಡಸರು ಅದನ್ನೇ ತೊಟ್ಟು ಸ್ವರ್ಗಕ್ಕೆ ಹೋಗಿದ್ದಾರೆ.

ಅಂಥವಳ ಗಂಡ, ಊರಿನ ಫೋಟೊಗ್ರಾಫರ್ ಕ್ರಾಸಿಮಿರ್, ಎದೆ ಹಿಡಿದುಕೊಂಡು ಸತ್ತಾಗ ಅವನದೊಂದು ನೆಟ್ಟಗಿನ ಫೋಟೊ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಮದುವೆಯ ಫೋಟೊದಲ್ಲಿದ್ದವನು ಮೀಸೆ ಚಿಗುರದ ಹುಡುಗ. ಆಮೇಲೆ ಯಾರಾದರೂ ಮೊಬೈಲು ಎತ್ತಿದರೆ ಕೈ ಅಡ್ಡ ಹಿಡಿಯುತ್ತಿದ್ದ. ಕೊನೆಗೆ ಗುರುತಿನ ಚೀಟಿಗೆ ಪೊಲೀಸರು ತೆಗೆದ ಮುಖವನ್ನೇ ದೊಡ್ಡದು ಮಾಡಿ ಅಂಟಿಸಬೇಕಾಯಿತು.

ಅವನ ತಾಯಿ ವೆಲಿಕಾ ಮಣ್ಣಿನ ದಿನವೇ ಎಲ್ಲರ ಮುಂದೆ ಅಂದುಬಿಟ್ಟಳು. "ಊರಿಗೆಲ್ಲ ಒಳ್ಳೇ ಮುಖ ಕೊಟ್ಟ ನನ್ ಮಗನಿಗೆ ಕೋಳಿ ಕದ್ದವನ ಮುಖ ಹಾಕಿದ್ಯಲ್ಲೇ. ಇಷ್ಟು ವರ್ಷ ಅದೇನು ಕೆಲಸ ಕಲಿತೆ?"

ನಲವತ್ತನೆಯ ದಿನದ ಚೀಟಿಯಲ್ಲಿ ಅವನನ್ನು ಅವನ ಹಾಗೆಯೇ ತೋರಿಸುತ್ತೇನೆ, ಇಲ್ಲದಿದ್ದರೆ ಈ ಕಸುಬಿಗೇ ಬೆಂಕಿ ಬೀಳಲಿ ಎಂದು ದೋನ್ಕಾ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಳು. ಈಗ ಆ ದಿನ ನಾಳೆಗೆ ಬಂದು ನಿಂತಿತ್ತು.

ಅವಳ ಆಸೆಯೆಲ್ಲ ಗಂಡನ ಫೋಟೊ ಅಂಗಡಿಯ ಕಂಪ್ಯೂಟರಿನ ಮೇಲೆ. ಕ್ರಾಸಿಮಿರ್ ತೆಗೆದ ಮದುವೆ, ನಾಮಕರಣ, ಶಾಲೆಯ ಬೀಳ್ಕೊಡುಗೆಗಳೆಲ್ಲ ಅದರೊಳಗಿದ್ದವು. ಇಷ್ಟು ಜನಜಂಗುಳಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಅವನೂ ಬಿದ್ದಿರುತ್ತಾನೆ. ಫೋಟೊ ತಿದ್ದುವ ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಒಂದು ಮುಖ ತೋರಿಸಿದರೆ ಸಾಕು, ಆ ಮುಖ ಇರುವ ಚಿತ್ರಗಳನ್ನೆಲ್ಲ ಅದೇ ಹೆಕ್ಕಿಕೊಡುತ್ತದಂತೆ. ಗಂಡ ಇದ್ದಾಗ ಹೊಸ ಆವೃತ್ತಿ ಅಂದರೆ ಉರಿದುಬೀಳುತ್ತಿದ್ದ. ಅವನು ಹೋದ ಮೇಲೆ ದೋನ್ಕಾ ಧೈರ್ಯ ಮಾಡಿ ಹಾಕಿಸಿಕೊಂಡಳು.

ಹಾಕಿಸಿಕೊಂಡದ್ದೇ ತಡ, ಮೂಗಿಗಿಂತ ಮೂಗುತಿ ಭಾರವಾಯಿತು. ಬ್ರಶ್ ಎಳೆದರೆ ಗೆರೆ ಮೂಡುವಷ್ಟರಲ್ಲಿ ಕಾಫಿ ಆರುತ್ತಿತ್ತು. ಪರದೆಯ ನಡುವೆ ಒಂದು ಬಣ್ಣದ ಚಕ್ರ ಸುತ್ತಿದ್ದೇ ಸುತ್ತಿದ್ದು. ಗುರುತಿನ ಚೀಟಿಯ ಮುಖ ಕೊಟ್ಟು ಹುಡುಕು ಅಂದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಏದುಸಿರು ಬಿಟ್ಟು, ಕಡೆಗೊಮ್ಮೆ ಅವನಷ್ಟನ್ನೇ ಕತ್ತರಿಸಿದ ಉಗುರಗಲದ ಒಂದು ಚಿತ್ರ ಕೊಟ್ಟಿತು. ಅವನೇ. ಕ್ಯಾಮೆರಾ ಎದೆಗಿಳಿಸಿಕೊಂಡು, ಯಾರಿಗೋ ಏನೋ ಕೀಟಲೆ ಹೇಳಿ ನಗುತ್ತಿದ್ದ. ದೋನ್ಕಾ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ದೊಡ್ಡದು ಮಾಡಲು ಒತ್ತಿದಳು. ಚಕ್ರ ಸುತ್ತಿತು, ಪರದೆ ಬೆಳ್ಳಗಾಯಿತು, ಸಾಫ್ಟ್‌ವೇರು ನೆಗೆದುಬಿತ್ತು.

ಅವಳು ಕ್ರಾಸಿಮಿರನ ದೊಡ್ಡಪ್ಪನ ಮಗ ಇಲ್ಕೋನಿಗೆ ಫೋನು ಮಾಡಿದಳು. ಸಂತೆಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅವನ ಕಸುಬು. ಒಳ್ಳೆಯವನೇ, ಆದರೆ ಕೈ ಬುದ್ಧಿಗಿಂತ ಮುಂದೆ.

"ಏನ್ ಅತ್ತಿಗೆ, ಕುದುರೆ ಕುಂಟ್ತಿದ್ಯಾ?" ಎನ್ನುತ್ತ ಬಂದು ಕುಳಿತ.

"ಕುಂಟೋದಲ್ಲ ಕಣೋ, ಮಲಗಿಬಿಟ್ಟಿದೆ. ನಾಳೆ ನಲವತ್ತು. ಸಂಜೆಯೊಳಗೆ ಎಬ್ಬಿಸಿಕೊಡು."

ಇಲ್ಕೋ ತಾತ್ಕಾಲಿಕ ಕಡತಗಳನ್ನು ಗುಡಿಸಿದ. ಸ್ವಲ್ಪ ಚುರುಕಾಯಿತು, ಮತ್ತೆ ಮಲಗಿತು. ಸೆಟ್ಟಿಂಗಿನಲ್ಲಿ ಏನೇನೋ ಗುರುತು ತೆಗೆದ, ಹಾಕಿದ, ಮತ್ತೆ ಶುರು ಮಾಡಿದ. ಕೊನೆಗೆ ಡಿಸ್ಕಿನ ಲೆಕ್ಕ ತೆಗೆದು ಸಿಳ್ಳೆ ಹಾಕಿದ.

"ಇಲ್ಲಿದೆ ನೋಡು ರೋಗ. ಉಸಿರಾಡೋಕೂ ಜಾಗ ಇಲ್ಲ ಇದಕ್ಕೆ. ಪ್ರತಿ ಫೋಟೊನೂ ಎರಡೆರಡು ಸಲ ಇಟ್ಟಿದ್ದಾನೆ ನಿನ್ ಗಂಡ. ಕ್ಯಾಮೆರಾದಿಂದ ಬಂದ ಕಚ್ಚಾದು ಒಂದು, ನೀನು ತಿದ್ದಿ ಮುಗಿಸಿದ್ದು ಒಂದು. ಕಚ್ಚಾದೇ ಆನೆಗಾತ್ರ."

"ಅವನು ಯಾವುದನ್ನೂ ಎಸೀತಿರಲಿಲ್ಲ."

"ಅದಕ್ಕೇ ಹೀಗಾಗಿರೋದು. ಊಟ ಆದ್ಮೇಲೆ ಸಿಪ್ಪೆ ಯಾಕೆ ಅತ್ತಿಗೆ? ಮುಗಿಸಿದ್ದು ಇರತ್ತಲ್ಲ. ತೆಗೀಲಾ?"

ದೋನ್ಕಾ ಗಡಿಯಾರ ನೋಡಿದಳು. ಪಾದ್ರಿಗೆ ಹೇಳಿಯಾಗಿತ್ತು, ಸತ್ತವರ ಹೆಸರಲ್ಲಿ ಹಂಚುವ ಗೋಧಿ ನೆನೆಹಾಕಿಯಾಗಿತ್ತು, ಚೀಟಿಯೊಂದೇ ಬಾಕಿ. ಅಲ್ಲದೆ ಅವಳ ಕಣ್ಣಲ್ಲಿ ಕಚ್ಚಾ ಅಂದರೆ ಕಚ್ಚಾ. ಮೊಡವೆ, ಬೆವರು, ವಕ್ರ ಬೆಳಕು. ಅದನ್ನೆಲ್ಲ ಸರಿಮಾಡಿದವಳು ತಾನೇ.

"ತೆಗಿ," ಅಂದಳು.

ಅವನು ತೆಗೆದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಜಾಗ ಅಚ್ಚುಕಟ್ಟಾಗಲೆಂದು ಡಿಸ್ಕಿನ ಖಾಲಿ ಜಾಗವನ್ನು, ಅಳಿಸಿದ್ದರ ಸುಳಿವೂ ಉಳಿಯದ ಹಾಗೆ, ಒಂದು ಸುತ್ತು ತೊಳೆದೂಬಿಟ್ಟ. ಆಮೇಲೆ ಸಾಫ್ಟ್‌ವೇರು ತೆರೆದರೆ, ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿತು. ಇಲ್ಕೋ ತೊಡೆ ತಟ್ಟಿಕೊಂಡ. ದೋನ್ಕಾ ಅವನಿಗೆ ರಾಕಿಯಾ ಬಗ್ಗಿಸಿಕೊಟ್ಟು, ಗಂಡನ ಮುಖ ಕೊಟ್ಟು ಹುಡುಕು ಅಂದಳು. ಬಗ್ಗಿಸಿದ್ದು ಕುಡಿದು ಮುಗಿಯುವ ಮೊದಲೇ ಉತ್ತರ ಬಂತು. ಇಂಥ ಮುಖ ಎಲ್ಲೂ ಇಲ್ಲ.

"ಇರಲೇಬೇಕು. ಮಧ್ಯಾಹ್ನ ನಾನೇ ಕಣ್ಣಾರೆ ನೋಡಿದ್ದೀನಿ."

ಇನ್ನೊಮ್ಮೆ ಹುಡುಕಿಸಿದಳು. ಇಲ್ಲ. ಮಧ್ಯಾಹ್ನದ ಆ ಚಿತ್ರದಲ್ಲಿ ಅವನ ಹಿಂದೆ ಹೂಬಳ್ಳಿಯ ಗೋಡೆಕಾಗದ ಇತ್ತು. ಅಂಥ ಗೋಡೆ ಇದ್ದದ್ದು ಹಳೇ ಹೋಟೆಲಿನ ವಧುವಿನ ಕೋಣೆಯಲ್ಲಿ. ಅಲ್ಲಿ ತೆಗೆದ ಮದುವೆಯ ಚಿತ್ರ ತೆರೆದಳು. ವಧು ದೊಡ್ಡ ಕನ್ನಡಿಯ ಮುಂದೆ ಕೂತು, ಕನ್ನಡಿಯೊಳಗಿನ ಯಾರನ್ನೋ ನೋಡಿ ಬಾಯ್ತುಂಬ ನಗುತ್ತಿದ್ದಾಳೆ. ಕನ್ನಡಿಯಲ್ಲಿ ಅವಳ ಹಿಂದೆ ಯಾರೂ ಇಲ್ಲ. ಹೂಬಳ್ಳಿಯ ಗೋಡೆ ಮಾತ್ರ, ಎಲೆಗೆ ಎಲೆ ಕೂಡಿಕೊಂಡು, ಒಂದು ಕಲೆಯಿಲ್ಲದೆ.

ಕೂಡಿಸಿದವಳು ದೋನ್ಕಾ. ಕನ್ನಡಿಯಲ್ಲಿ, ಕಿಟಕಿಯ ಗಾಜಿನಲ್ಲಿ, ವರನ ಕಾರಿನ ಬಾಗಿಲಿನಲ್ಲಿ ಫೋಟೊಗ್ರಾಫರ್ ಕಾಣಬಾರದು ಅನ್ನುವುದು ಕಸುಬಿನ ಮೊದಲ ಪಾಠ. ಪ್ರತಿ ಮದುವೆ ಮುಗಿದ ಮೇಲೂ ಅವನು ಅವಳ ಹಿಂದೆ ನಿಂತು, "ಮೊದ್ಲು ನನ್ನ ಆಚೆಗೆ ಹಾಕು, ಆಮೇಲೆ ಮೊಡವೆ ನೋಡ್ಕೋ," ಅನ್ನುತ್ತಿದ್ದ. ಅವಳು ಹಾಕುತ್ತಿದ್ದಳು. ಅವನು ಉಳಿದಿದ್ದರೆ ಕಚ್ಚಾ ಚಿತ್ರಗಳಲ್ಲಿ ಮಾತ್ರ ಉಳಿದಿದ್ದ.

"ಇಲ್ಕೋ, ಕಚ್ಚಾದನ್ನ ವಾಪಸ್ ತರಕ್ಕಾಗತ್ತಾ?"

ಇಲ್ಕೋ ಲೋಟ ಕೆಳಗಿಟ್ಟ. ಪರದೆ ನೋಡಿದ, ಅವಳ ಮುಖ ನೋಡಿದ. "ತೊಳೆದುಬಿಟ್ನಲ್ಲ ಅತ್ತಿಗೆ," ಅಂದ. ಆಮೇಲೆ ಟೋಪಿ ಎತ್ತಿಕೊಂಡು, ಹೋಗುವುದೋ ಕೂರುವುದೋ ತಿಳಿಯದೆ ಬಾಗಿಲಲ್ಲೇ ನಿಂತ. ಅವಳಿಗೆ ಅವನನ್ನು ಬೈಯಬೇಕೆನಿಸಿತು. ಆದರೆ ತೆಗಿ ಅಂದದ್ದು ತಾನೇ.

ಅಷ್ಟರಲ್ಲಿ ವೆಲಿಕಾ ಕೋಲೂರಿಕೊಂಡು ಬಂದಳು. ಚರ್ಚಿನ ಗೇಟಿಗೆ ಚೀಟಿಯನ್ನು ತಾನೇ ಅಂಟಿಸಬೇಕೆಂದು ಕೈಯಲ್ಲಿ ಅಂಟಿನ ಡಬ್ಬಿ ಹಿಡಿದಿದ್ದಳು. ಮುದುಕಿ ಕನ್ನಡಕ ಏರಿಸಿ ಪರದೆಯತ್ತ ಬಗ್ಗಿದಳು.

"ಇದ್ಯಾವ ಹುಡುಗಿ? ನನ್ ಮಗ ಎಲ್ಲಿ?"

"ಈ ಕನ್ನಡಿಯೊಳಗಿದ್ದ, ಅತ್ತೆ. ನಗ್ತಾ ಇದ್ದ. ನಾನೇ ಒರೆಸಿದ್ದೆ."

"ಬೇರೆ ಯಾವುದ್ರಲ್ಲಾದ್ರೂ ಇರ್ತಾನಲ್ಲೇ, ಸರಿಯಾಗಿ ಹುಡುಕು."

"ಎಲ್ಲದ್ರಲ್ಲೂ ಒರೆಸಿದ್ದೀನಿ."

ವೆಲಿಕಾ ಈ ಸಲ ಬೈಯಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕುಳಿತಳು.

"ಒಂದರಲ್ಲೂ ತಪ್ಪಿ ಬಿಟ್ಟಿಲ್ವಾ?"

"ಇಲ್ಲ ಅತ್ತೆ," ಅಂದಳು ದೋನ್ಕಾ. "ನನ್ ಕೈ ಅಷ್ಟು ಶುದ್ಧ ಅಂತಾನೇ ನಿಮ್ ಮಗ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದಿದ್ದು."